ನಮ್ಮೂರಿನ ಸುದ್ದಿಗೆ ಬ್ಲಾಗರ್: ಹತ್ತು ವರ್ಷ ಬಳಸಿದ ಮೇಲೆ

ಕೋಲಾರ ತಾಲ್ಲೂಕಿನ ಒಂದು ಹಳ್ಳಿ ನಮ್ಮದು. 2014ರಿಂದ, ಇಂಟರ್ನೆಟ್ಟಿನಲ್ಲಿ ಬರಹ ಹಾಕಲು ಉಚಿತವಾಗಿ ಸಿಗುವ ಗೂಗಲ್‌ನ ಬ್ಲಾಗರ್‌ನಲ್ಲಿ ಊರಿನ ಸುದ್ದಿ ಬರೆಯುತ್ತಿದ್ದೇನೆ. ಕೆರೆ, ಟೊಮ್ಯಾಟೊ ರೇಟು, ಬಸ್ಸು, ಜಾತ್ರೆ, ಗ್ರಾಮಸಭೆ. ಪೇಪರ್‌ನವರು ನಮ್ಮ ಕಡೆ ಬರುವುದು ಅಪರೂಪ. ನಮ್ಮ ಸುದ್ದಿ ನಾವೇ ಬರೆದುಕೊಳ್ಳಬೇಕು, ಅಲ್ವಾ?

ಮೊದಲು ಬೇರೊಂದು ಉಚಿತ ಸೇವೆಯಲ್ಲಿ ಬರೆಯುತ್ತಿದ್ದೆ. ಅದು ಮುಚ್ಚಿಹೋಯಿತು. ಎರಡು ವರ್ಷದ ಬರಹ ಅದರ ಜೊತೆಗೇ ಹೋಯಿತು. ಬ್ಲಾಗರ್ 1999ರಲ್ಲಿ ಶುರುವಾಗಿದ್ದು, 2003ರಲ್ಲಿ ಗೂಗಲ್ ಕೊಂಡುಕೊಂಡಿತು. ಇಷ್ಟು ಹಳೆಯದು ಇವತ್ತಿಗೂ ನಡೆಯುತ್ತಿದೆ ಅನ್ನುವುದೇ ನನಗೆ ಧೈರ್ಯ. ಆದರೂ ಪ್ರತಿ ಯುಗಾದಿಗೆ ಬ್ಯಾಕಪ್ ತೆಗೆದು ಪೆನ್‌ಡ್ರೈವ್‌ಗೆ ಹಾಕಿಡುತ್ತೇನೆ. ಇಲ್ಲಿಯವರೆಗೆ ಒಂದು ಪೈಸೆ ಕೊಟ್ಟಿಲ್ಲ.

ಕನ್ನಡಕ್ಕೆ ತೊಂದರೆಯಿಲ್ಲ, ಎಲ್ಲ ಫೋನು, ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡ್‌ನಲ್ಲಿ ಬರೆದರೆ ಸಾಕು. ಡಿಟಿಪಿಯ ಹಳೇ ಫಾಂಟಿನಲ್ಲಿದ್ದ ಕರಪತ್ರ ಹಾಗೇ ಅಂಟಿಸಿದರೆ ಬರೀ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಕಾಣುತ್ತದೆ. ಇನ್ನೊಂದು ಮಾತು. ತಲೆಬರಹ ಪೂರ್ತಿ ಕನ್ನಡದಲ್ಲಿದ್ದರೆ ಲಿಂಕಿನಲ್ಲಿ ಸುಮ್ನೆ ‘ಬ್ಲಾಗ್-ಪೋಸ್ಟ್’ ಅಂತ ಬರುತ್ತದೆ. ಪ್ರಕಟಿಸುವ ಮುಂಚೆಯೇ ಪರ್ಮಾಲಿಂಕ್ (ಆ ಬರಹದ ಲಿಂಕು) ಜಾಗದಲ್ಲಿ ಊರಿನ ಹೆಸರು, ವಿಷಯ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ.

ವಾಟ್ಸಾಪ್‌ನಲ್ಲಿ ಸುದ್ದಿ ಬೇಗ ಓಡುತ್ತದೆ, ನಿಜ. ಆದರೆ ನಾಲ್ಕು ದಿನ ಕಳೆದರೆ ಹುಡುಕಿದರೂ ಸಿಗುವುದಿಲ್ಲ. ಬ್ಲಾಗಿನಲ್ಲಿ ಬರೆದದ್ದು ತಾರೀಖಿನ ಸಮೇತ ಉಳಿಯುತ್ತದೆ. ಇದರ ಬೆಲೆ ನನಗೆ ಗೊತ್ತಾಗಿದ್ದು ಹೋದ ವರ್ಷ.

2021ರ ನವೆಂಬರ್ ಮಳೆಯನ್ನು ಕೋಲಾರದವರು ಮರೆಯುವುದಿಲ್ಲ. ಎಷ್ಟೋ ವರ್ಷದ ಮೇಲೆ ಕೆರೆಗಳು ಕೋಡಿ ಹರಿದವು. ನಮ್ಮೂರ ರಾಜಕಾಲುವೆ ಹತ್ತಿರ ನಿಂತು ಒಂದು ಫೋಟೋ ತೆಗೆದಿದ್ದೆ. ಮೊಳಕಾಲುದ್ದ ಕೆಂಪು ನೀರು, ಪಕ್ಕದಲ್ಲಿ ಹುಣಸೇಮರ. ಅವತ್ತು ರಾತ್ರಿಯೇ ನಾಲ್ಕು ಸಾಲು ಬರೆದು ಹಾಕಿದೆ. ಹೋದ ವರ್ಷ ಆ ಕಾಲುವೆಗೆ ಮಣ್ಣು ಹೊಡೆಸುವ ಮಾತು ಬಂತು. ‘ಇಲ್ಲಿ ನೀರು ಹರಿದಿದ್ದು ಯಾರು ನೋಡಿದ್ದಾರೆ?’ ಎಂದು ಗ್ರಾಮಸಭೆಯಲ್ಲಿ ಒಬ್ಬರು ಕೇಳಿದರು. ಮುಂದೆ ಕೂತಿದ್ದ ತಾತ ತಿರುಗಿ, ‘ಏನಪ್ಪಾ, ಅವತ್ತು ನೀನು ಫೋಟೋ ಹೊಡೆದಿದ್ದೆಯಲ್ಲ?’ ಅಂದರು. ಮೊಬೈಲ್‌ನಲ್ಲಿ ತೆಗೆದು ತೋರಿಸಿದೆ. ಮೇಲೆ ತಾರೀಖು, ಕೆಳಗೆ ಅದೇ ಹುಣಸೇಮರ. ಫೋನು ಕೈಯಿಂದ ಕೈಗೆ ಹೋಯಿತು. ಕಾಲುವೆ ಇವತ್ತಿಗೂ ಹಾಗೇ ಇದೆ.

ಬರೆದದ್ದು ಉಳಿಯುತ್ತದೆ ಅಂದರೆ ತಪ್ಪೂ ಉಳಿಯುತ್ತದೆ. ಒಮ್ಮೆ ಯಾರೋ ಹೇಳಿದ ಟೊಮ್ಯಾಟೊ ರೇಟು ನಂಬಿ ಹಾಕಿಬಿಟ್ಟಿದ್ದೆ. ಅದನ್ನು ಓದಿ ಪಕ್ಕದ ಊರಿನ ಅಣ್ಣ ಒಬ್ಬರು ಬಾಡಿಗೆ ಗಾಡಿ ಮಾಡಿಕೊಂಡು ಎಪಿಎಂಸಿಗೆ ಹೋದರು. ಬಾಡಿಗೆಯೂ ಗಿಟ್ಟಲಿಲ್ಲ. ಅವರ ಮನೆಗೆ ಹೋಗಿ ತಪ್ಪು ಒಪ್ಪಿಕೊಂಡೆ, ಬರಹದ ಕೆಳಗೆ ತಿದ್ದುಪಡಿಯನ್ನೂ ಹಾಕಿದೆ. ಆಮೇಲಿಂದ 15 ಕೆಜಿ ಬಾಕ್ಸಿನ ರೇಟನ್ನು ಮಂಡಿಯಲ್ಲೇ ನಿಂತು, ಹರಾಜು ಕೂಗುವುದನ್ನು ಕೇಳಿ ಬರೆಯುತ್ತೇನೆ.

ಚೆಂದದ ವಿನ್ಯಾಸ ಜಾಸ್ತಿ ಬೇಕು ಅನ್ನುವವರು ವರ್ಡ್‌ಪ್ರೆಸ್ ನೋಡಿ. ಊರಿನ ಸುದ್ದಿ ಬರೆಯುವವರಿಗೆ ನಾನು ಬ್ಲಾಗರನ್ನೇ ಹೇಳುತ್ತೇನೆ. ಶುರು ಮಾಡಿ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಕೆಳಗೆ ಕೇಳಿ, ನನಗೆ ಗೊತ್ತಿರುವುದನ್ನು ಖಂಡಿತ ಹೇಳಿಕೊಡುತ್ತೇನೆ.