ಜೇನಿನ ಟ್ಯೂಬಿಗೆ ನಾಲ್ಕು ಸ್ಟಾರ್, ಟೀ ಟ್ರೀ ಎಣ್ಣೆಗೆ ಎರಡೂವರೆ

ಇಸ್ತ್ರಿ ಪೆಟ್ಟಿಗೆ ತಾಗಿ ಮುಂಗೈ ಸುಟ್ಟುಕೊಂಡಿದ್ದೆ. ಹೆಬ್ಬೆರಳಿನಷ್ಟು ಉದ್ದದ ಗಾಯ. ನಡುವೆ ಎದ್ದಿದ್ದ ಗುಳ್ಳೆ ಮಾರನೇ ದಿನ ಒಡೆದು ಕೆಂಪು ಚರ್ಮ ಕಾಣುತ್ತಿತ್ತು. ಸುಟ್ಟ ತಕ್ಷಣ ಇಪ್ಪತ್ತು ನಿಮಿಷ ನಲ್ಲಿ ನೀರಿನ ಕೆಳಗೆ ಕೈ ಹಿಡಿದಿದ್ದೆ. ಮೊದಲು ಮಾಡಬೇಕಾದದ್ದು ಅದೇ, ಉಳಿದದ್ದೆಲ್ಲ ಆಮೇಲೆ. ಡಾಕ್ಟರ್ ನೋಡಿ, ಗಾಯ ಆಳವಿಲ್ಲ, ಮೆಡಿಕಲ್ ಗ್ರೇಡ್ ಜೇನಿನ ಜೆಲ್ ಹಚ್ಚಿ ಪಟ್ಟಿ ಕಟ್ಟಿ ಅಂದರು. ಜೇನಾ? ಗಾಯಕ್ಕಾ? ನನಗೆ ನಂಬಿಕೆ ಬರಲಿಲ್ಲ. ಆದರೂ ತಂದು 12 ದಿನ ಬಳಸಿದೆ. ಈ ತರಹದ ಟ್ಯೂಬು ಹಲವು ಕಂಪನಿಗಳು ಮಾಡುತ್ತವೆ, ಹಾಗಾಗಿ ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. ಕೊಳ್ಳುವಾಗ ಏನು ನೋಡಬೇಕು ಅನ್ನುವುದನ್ನು ಮಾತ್ರ ಬರೆಯುತ್ತೇನೆ.

ಮೊದಲು ಬಳಸಿದ ಅನುಭವ. ಹಚ್ಚಿದ ಕೂಡಲೇ ಉರಿಯುತ್ತದೆ. ಸುಮ್ನೆ ಚುರುಕ್ ಅನ್ನುವುದಲ್ಲ, ಹಸಿ ಗಾಯಕ್ಕೆ ನಿಂಬೆರಸ ಬಿದ್ದ ಹಾಗೆ. ನನಗೆ ಹತ್ತು ನಿಮಿಷ ಇತ್ತು, ಮೂರನೇ ದಿನದಿಂದ ಕಡಿಮೆಯಾಯಿತು. ಜೇನು ಹುಳಿ ಗುಣದ್ದು, ಅದರ ಪಿಎಚ್ ಸುಮಾರು 3.2ರಿಂದ 4.5, ಹಾಗಾಗಿ ಈ ಉರಿ. ಎರಡನೆಯದು, ಮೊದಲ ಎರಡು ದಿನ ಪಟ್ಟಿ ತೊಯ್ದು ತೊಪ್ಪೆಯಾಗುತ್ತಿತ್ತು. ಕೀವು ಆಯಿತೇನೋ ಅಂತ ಹೆದರಿ ಡಾಕ್ಟರಿಗೆ ಫೋನ್ ಮಾಡಿದೆ. ಕೀವಲ್ಲವಂತೆ. ಜೇನಿನ ತುಂಬ ಸಕ್ಕರೆ, ನೀರು ಶೇ. 17-18ರಷ್ಟು ಮಾತ್ರ, ಅದು ಗಾಯದಿಂದ ನೀರನ್ನು ಎಳೆದುಕೊಳ್ಳುತ್ತದೆ. ಬ್ಯಾಕ್ಟೀರಿಯಾದ ಒಳಗಿನ ನೀರನ್ನೂ ಹೀಗೇ ಎಳೆದು ಒಣಗಿಸುತ್ತದೆ. ಅಂದರೆ ಪಟ್ಟಿ ತೊಯ್ಯುವುದು ಜೇನು ಕೆಲಸ ಮಾಡುತ್ತಿರುವ ಗುರುತು. ಈ ಮಾತನ್ನು ಟ್ಯೂಬಿನ ಜೊತೆಗಿನ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಬೇಕಿತ್ತು. ಹುಡುಕಿದರೆ ಮೂಲೆಯಲ್ಲಿ ಒಂದು ಸಾಲು ಸಿಕ್ಕಿತು.

ನನಗೆ ತುಂಬಾ ಇಷ್ಟವಾದದ್ದು ಪಟ್ಟಿ ಬಿಚ್ಚುವ ಹೊತ್ತು. ಹಿಂದೆ ಮೊಣಕಾಲು ತರಚಿದಾಗ ಒಣಗಿದ ಗಾಜ್ ಬಟ್ಟೆಯನ್ನು ಎಳೆದರೆ ಹೊಸ ಚರ್ಮವೂ ಕಿತ್ತು ಬಂದು ರಕ್ತ ಜಿನುಗುತ್ತಿತ್ತು. ಈ ಸಲ ಬಟ್ಟೆಯ ಒಂದು ಮೂಲೆ ಹಿಡಿದು ನಿಧಾನವಾಗಿ ಎತ್ತಿದೆ, ಇಡೀ ಪಟ್ಟಿ ಜಾರಿ ಬಂತು. ಕೆಳಗೆ ಗಾಯ ಒದ್ದೆ ಒದ್ದೆ, ಅಂಚಿನಲ್ಲಿ ತೆಳುವಾದ ಗುಲಾಬಿ ಚರ್ಮದ ಗೆರೆ. ಕೆಟ್ಟ ವಾಸನೆ ಏನೂ ಇಲ್ಲ. ದಿನ ದಿನಕ್ಕೆ ಆ ಗೆರೆ ಒಳಗೆ ಸರಿಯುತ್ತಾ ಬಂತು, 12ನೇ ದಿನಕ್ಕೆ ಮುಚ್ಚಿಕೊಂಡಿತು.

ಸರಿ, ಒಂದು ಗಾಯ ವಾಸಿಯಾದರೆ ಅದೆಲ್ಲ ಜೇನಿನ ಮಹಿಮೆ ಅನ್ನಲಾಗದು. ಆದರೆ ಇದು ಬರೀ ಅಜ್ಜಿ ಮದ್ದೂ ಅಲ್ಲ. ಹಲವು ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2015ರ ಪರಿಶೀಲನೆಯಲ್ಲಿ, ಚರ್ಮದ ಪೂರ್ತಿ ಆಳಕ್ಕೆ ಹೋಗದ ಸುಟ್ಟಗಾಯಗಳು ಮಾಮೂಲಿ ಪಟ್ಟಿಗಿಂತ ಜೇನಿನಲ್ಲಿ ಬೇಗ ಮಾಯುವ ಹಾಗೆ ಕಾಣುತ್ತದೆ ಎಂದಿದ್ದಾರೆ. ಆಪರೇಷನ್ ಆದ ಮೇಲೆ ಸೋಂಕು ತಗುಲಿದ ಗಾಯಗಳಲ್ಲೂ ಅನುಕೂಲ ಕಂಡಿದೆ. ಬೇರೆ ಬಗೆಯ ಗಾಯಗಳ ವಿಷಯದಲ್ಲಿ ಇಷ್ಟು ಧೈರ್ಯವಾಗಿ ಹೇಳಿಲ್ಲ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ಆಳದ ಸುಟ್ಟಗಾಯ, ಇಂಥದ್ದಕ್ಕೆ ಟ್ಯೂಬ್ ಹಿಡಿದು ಮನೆಯಲ್ಲಿ ಕೂರಬೇಡಿ, ದಯವಿಟ್ಟು.

ನನ್ನನ್ನು ಜಾಸ್ತಿ ಕೇಳಿದ ಪ್ರಶ್ನೆ: ಮನೆಯಲ್ಲಿರುವ ಜೇನೇ ಹಚ್ಚಿದರೆ ಆಗಲ್ವಾ? ಬೇಡ. ಜೇನುಹುಳ ತನ್ನ ಜೊಲ್ಲಿನಿಂದ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಜೇನಿಗೆ ಸೇರಿಸುತ್ತದೆ. ಜೇನಿಗೆ ನೀರು ತಾಗಿದಾಗ ಅದು ಎಚ್ಚೆತ್ತು ಹೈಡ್ರೋಜನ್ ಪೆರಾಕ್ಸೈಡನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತಾ ಹೋಗುತ್ತದೆ. ಬ್ಯಾಕ್ಟೀರಿಯಾ ಸಾಯುವುದರಲ್ಲಿ ಇದರ ಪಾಲು ದೊಡ್ಡದು. ಬಾಟಲಿಗೆ ತುಂಬುವ ಮೊದಲು ಜೇನನ್ನು ಚೆನ್ನಾಗಿ ಕಾಯಿಸಿದ್ದರೆ ಆ ಕಿಣ್ವ ಕೆಟ್ಟಿರುತ್ತದೆ. ಕಾಯಿಸಿರಲಿ, ಬಿಡಲಿ, ಜೇನಿನಲ್ಲಿ ಕ್ಲಾಸ್ಟ್ರಿಡಿಯಮ್ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು. ಒಂದು ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸಬಾರದು ಅನ್ನುವುದೂ ಇದೇ ಕಾರಣಕ್ಕೆ. ಗಾಯಕ್ಕೆಂದು ಮಾಡುವ ಜೇನನ್ನು ಗಾಮಾ ಕಿರಣದಲ್ಲಿ ಶುದ್ಧ ಮಾಡುತ್ತಾರೆ. ಬೀಜಾಣು ಸಾಯುತ್ತದೆ, ಕಿಣ್ವ ಉಳಿಯುತ್ತದೆ. ಟ್ಯೂಬಿಗೆ ಹಣ ಕೊಡುವುದು ಇದಕ್ಕೇ.

ನನ್ನ ಟ್ಯೂಬಿನದ್ದು ಮನುಕಾ ಜೇನು, ನ್ಯೂಜಿಲೆಂಡ್ ಕಡೆಯ ಒಂದು ಪೊದೆಗಿಡದ ಹೂವಿನದ್ದು. ಅದರಲ್ಲಿ ಮೀಥೈಲ್‌ಗ್ಲೈಆಕ್ಸಲ್ ಎಂಬ ಇನ್ನೊಂದು ವಸ್ತು ಇದೆ. ಇದೇ ಆ ಜೇನಿನ ವಿಶೇಷ ಶಕ್ತಿಗೆ ಕಾರಣ ಅಂತ 2008ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನ ಸಂಶೋಧಕರು ತೋರಿಸಿದರು. ನಮ್ಮ ರಕ್ತದಲ್ಲೇ ಇರುವ ಕ್ಯಾಟಲೇಸ್ ಎಂಬ ಕಿಣ್ವ ಪೆರಾಕ್ಸೈಡನ್ನು ಒಡೆದುಹಾಕುತ್ತದೆ, ಮೀಥೈಲ್‌ಗ್ಲೈಆಕ್ಸಲನ್ನು ಏನೂ ಮಾಡದು. ಒಂದು ಎಚ್ಚರ: ತಿನ್ನುವ ಮನುಕಾ ಡಬ್ಬಿಯ ಮೇಲೂ ದೊಡ್ಡದಾಗಿ ಎಂಜಿಒ, ಅಂದರೆ ಮೀಥೈಲ್‌ಗ್ಲೈಆಕ್ಸಲ್ ಎಷ್ಟಿದೆ ಅನ್ನುವ ಅಂಕಿ ಇರುತ್ತದೆ. ಅಂಕಿ ಎಷ್ಟೇ ದೊಡ್ಡದಿರಲಿ, ಶುದ್ಧೀಕರಿಸಿದ್ದು, ಗಾಯಕ್ಕೆ ಬಳಸುವಂಥದ್ದು ಅಂತ ಬರೆದಿರದಿದ್ದರೆ ಗಾಯಕ್ಕೆ ಹಚ್ಚಬೇಡಿ.

ಒಂದು ಸ್ಟಾರ್ ಕಡಿದದ್ದು ಅಂಟಿಗೆ. ಮೈಯ ಬಿಸಿಗೆ ಜೆಲ್ ಕರಗಿ ನೀರಾಗುತ್ತದೆ, ರಾತ್ರಿ ಪಟ್ಟಿಯ ಅಂಚಿನಿಂದ ಇಳಿದು ಹಾಸಿಗೆಗೆ ಬಳಿಯುತ್ತದೆ. ಜೇನನ್ನು ಮೊದಲೇ ಹೀರಿಸಿಟ್ಟ ಪಟ್ಟಿಗಳೂ ಸಿಗುತ್ತವೆ, ಮತ್ತೊಮ್ಮೆ ಬೇಕಾದರೆ ನಾನು ಅದನ್ನೇ ಕೊಳ್ಳುತ್ತೇನೆ.

ಇನ್ನು ಟೀ ಟ್ರೀ ಎಣ್ಣೆ, ಆಸ್ಟ್ರೇಲಿಯಾದ ಒಂದು ಮರದ ಎಲೆಯಿಂದ ತೆಗೆಯುವಂಥದ್ದು, ಚಹಾ ಗಿಡದ್ದಲ್ಲ. ಇದು ಗಲ್ಲದ ಮೊಡವೆಗೆ ತಂದದ್ದು. ಮೊದಲ ಬಾಟಲಿಯಲ್ಲಿ ಪೆಟ್ಟು ತಿಂದೆ. ತೆರೆದು ಎರಡು ವರ್ಷವಾಗಿತ್ತು. ಹತ್ತಿಯಲ್ಲಿ ಅದ್ದಿ ಹಾಗೇ ಹಚ್ಚಿದೆ, ಮರುದಿನ ಗಲ್ಲವೆಲ್ಲ ಕೆಂಪು ದದ್ದು, ತಡೆಯಲಾಗದ ಕೆರೆತ. ಎರಡು ತಪ್ಪು ಒಟ್ಟಿಗೆ ಆಗಿದ್ದವು. ಈ ಎಣ್ಣೆ ಗಾಳಿ ಬೆಳಕಿಗೆ ಹಳಸುತ್ತದೆ, ಹಳಸಿದ್ದು ಅಲರ್ಜಿ ತರುವುದು ಜಾಸ್ತಿ. ಮತ್ತೆ, ಬೇರೊಂದರಲ್ಲಿ ಬೆರೆಸಿ ತೆಳು ಮಾಡದೆ ಹಚ್ಚಲೇಬಾರದು. ಇದರ ಮುಖ್ಯ ವಸ್ತು ಟರ್ಪಿನೆನ್-4-ಆಲ್ ಬ್ಯಾಕ್ಟೀರಿಯಾದ ಹೊರಪೊರೆಯನ್ನು ತೂತು ಮಾಡಿ ಕೊಲ್ಲುತ್ತದೆ. ಲವಂಗದ ಯೂಜಿನಾಲ್, ಥೈಮ್ ಎಣ್ಣೆಯ ಥೈಮಾಲ್ ಮಾಡುವುದೂ ಬಹುಮಟ್ಟಿಗೆ ಇದನ್ನೇ. ನಮ್ಮ ಚರ್ಮದ ಕೋಶಗಳಿಗೂ ಪೊರೆ ಇದೆ ಅಲ್ವಾ? ತೆಳು ಮಾಡದ ಎಣ್ಣೆ ಅದನ್ನೂ ಬಿಡುವುದಿಲ್ಲ.

ಎರಡನೇ ಸಲ ಈ ಎಣ್ಣೆ ಶೇ. 5ರಷ್ಟು ಇರುವ ಜೆಲ್ ತಂದೆ. 1990ರಲ್ಲಿ ಆಸ್ಟ್ರೇಲಿಯಾದಲ್ಲಿ 124 ಜನರ ಮೇಲೆ ಇಂಥದೇ ಜೆಲ್ಲನ್ನು ಬೆನ್ಜಾಯಿಲ್ ಪೆರಾಕ್ಸೈಡ್ ಎಂಬ ಮಾಮೂಲಿ ಮೊಡವೆ ಔಷಧಿಯ ಜೊತೆ ಹೋಲಿಸಿ ನೋಡಿದ್ದರು. ಎರಡರಲ್ಲೂ ಮೊಡವೆ ಇಳಿದವು, ಟೀ ಟ್ರೀ ನಿಧಾನ, ಆದರೆ ಉರಿ, ಸಿಪ್ಪೆ ಏಳುವುದು ಕಡಿಮೆ. ನನಗೂ ಹಾಗೇ ಆಯಿತು. ಆರು ವಾರ ಹಿಡಿಯಿತು, ಆದರೆ ದದ್ದು ಬರಲಿಲ್ಲ. ವಾಸನೆ ಮಾತ್ರ ಆಸ್ಪತ್ರೆ ವಾರ್ಡಿನದ್ದೇ, ದಿಂಬಿಗೂ ಹತ್ತುತ್ತದೆ.

ಬಿಡಿ ಎಣ್ಣೆಯನ್ನೇ ಕೊಳ್ಳುವವರು ಗಾಢ ಬಣ್ಣದ ಗಾಜಿನ ಬಾಟಲಿ ನೋಡಿ ಕೊಳ್ಳಿ. ಟರ್ಪಿನೆನ್-4-ಆಲ್ ಶೇಕಡ ಎಷ್ಟು ಅಂತ ಬರೆದಿದೆಯಾ ನೋಡಿ. ಐಎಸ್‌ಒ 4730 ಎಂಬ, ಈ ಎಣ್ಣೆಗಿರುವ ಅಂತರರಾಷ್ಟ್ರೀಯ ಮಾನದಂಡದ 2017ರ ಆವೃತ್ತಿಯಂತೆ ಅದು ಶೇ. 35ರಿಂದ 48 ಇರಬೇಕು. ಬರೀ ಎಲೆಯ ಚಿತ್ರ, "ಶೇ. 100 ನೈಸರ್ಗಿಕ" ಅಂತ ಇದ್ದರೆ ವಾಪಸ್ ಇಡಿ. ಇದನ್ನು ನುಂಗಿದರೆ ವಿಷ, ಬೆಕ್ಕು ನಾಯಿಗಳಿಗೂ ಅಪಾಯ. ಮಕ್ಕಳ ಕೈಗೆ ಸಿಗದ ಕಡೆ ಇಡಿ. ನಾನು ಈಗ ಜೆಲ್ಲಿನ ಮುಚ್ಚಳ ತೆರೆದ ದಿನವೇ ಪೆನ್ನಿನಲ್ಲಿ ತಾರೀಖು ಬರೆದು ಕಪಾಟಿನ ಕತ್ತಲೆ ಮೂಲೆಗೆ ತಳ್ಳಿದ್ದೇನೆ.