ಅವೆನ್ಯೂ ರೋಡಿನ ಬೋರ್ಡಿಲ್ಲದ ಅಂಗಡಿ: ಪತ್ತೇದಾರಿ ಕಾದಂಬರಿ ಓದೋರು ಒಂದ್ಸಲ ಹೋಗ್ಲೇಬೇಕು

ಈ ಅಂಗಡಿಗೆ ಬೋರ್ಡೇ ಇಲ್ಲ, ಹಾಗಾಗಿ ಹೆಸರು ಕೇಳಿದ್ರೆ ನನಗೂ ಗೊತ್ತಿಲ್ಲ. ಬೆಂಗಳೂರಿನ ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ಅವೆನ್ಯೂ ರೋಡಿಗೆ ಬಂದು ಮೈಸೂರು ಬ್ಯಾಂಕ್ ಸರ್ಕಲ್ ಕಡೆ ನಡೀತಾ ಬನ್ನಿ, ಪಿಯುಸಿ ಗೈಡು, ಇಂಜಿನಿಯರಿಂಗ್ ಟೆಕ್ಸ್ಟ್ ಬುಕ್ಕು, ಕೆಎಎಸ್ ಮಟೀರಿಯಲ್ಲು ಎಲ್ಲಾ ಎದೆಮಟ್ಟಕ್ಕೆ ಪೇರಿಸಿಟ್ಟಿರೋ ಅಂಗಡಿ ಸಾಲು ಸಿಗುತ್ತೆ, ಅದರ ಮಧ್ಯೆ ಒಂದು ಸಂದಿ, ಸಂದಿ ಒಳಗೆ ಮರದ ಏಣಿ ಒರಗಿಸಿಟ್ಟಿರೋ ಹತ್ತಡಿ ಅಗಲದ ಮಳಿಗೆ. ಹೊರಗಿಂದ ನೋಡಿದ್ರೆ ಇದೂ ಗೈಡ್ ಅಂಗಡಿನೇ ಅನ್ಸುತ್ತೆ. ಒಳಗೆ ಹೋಗಿ ಎಡಗಡೆ ಗೋಡೆ ನೋಡ್ಬೇಕು. ನೆಲದಿಂದ ಸೂರಿನವರೆಗೆ ಬರೀ ಪತ್ತೇದಾರಿ ಮತ್ತೆ ಥ್ರಿಲ್ಲರು, ಅರ್ಧಕ್ಕಿಂತ ಹೆಚ್ಚು ಕನ್ನಡದ್ದು.

ನಾನು ಮೊದಲ ಸಲ ಹೋದಾಗ ಆ ಗೋಡೆ ಮುಂದೆ ಒಂದೂವರೆ ಗಂಟೆ ನಿಂತಿದ್ದೆ. ನನಗೀಗ 49. ಒಂಬತ್ತನೇ ವಯಸ್ಸಿಂದ ಓದ್ತಾ ಇರೋದು ಇದನ್ನೇ. ದಾವಣಗೆರೆಲಿ ನಮ್ಮ ಮನೆ ಹತ್ರ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು, ದಿನಕ್ಕೆ 25 ಪೈಸೆ ಬಾಡಿಗೆ, ತಾತನಿಗೆ ಕಣ್ಣಿನ ಪೊರೆ ಬಂದು ಅಕ್ಷರ ಕಾಣ್ತಿರಲಿಲ್ಲ, ಅವರಿಗೆ ಓದಿ ಹೇಳೋ ಕೆಲಸ ನನಗೆ ಬಂತು. ರಾತ್ರಿ ಊಟ ಆದ್ಮೇಲೆ ಜಗಲಿ ಮೇಲೆ ಕೂತು ನಾನು ಜೋರಾಗಿ ಓದೋದು, ಅವರು ಎಲೆ ಅಡಿಕೆ ಜಗೀತಾ ಕೇಳೋದು, ಮಧ್ಯೆ ತಟ್ಟಂತ ಕೈ ಎತ್ತಿ ‘ನಿಲ್ಸು, ಆ ಮ್ಯಾನೇಜರ್ ಸುಳ್ಳು ಹೇಳ್ತಾ ಇದಾನೆ’ ಅನ್ನೋರು. ಹತ್ತರಲ್ಲಿ ಏಳು ಸಲ ಅವರು ಹೇಳಿದ್ದೇ ನಿಜ ಆಗ್ತಿತ್ತು. ಓದೋದು ಅಂದ್ರೆ ಬರೀ ಪುಟ ತಿರುವೋದಲ್ಲ, ಕಿವಿಗೊಟ್ಟು ಕೇಳ್ಬೇಕು ಅಂತ ನನಗೆ ಗೊತ್ತಾಗಿದ್ದು ಅಲ್ಲೇ.

ಸರಿ, ಸ್ಟಾಕಿಗೆ ಬರ್ತೀನಿ. ಎನ್. ನರಸಿಂಹಯ್ಯನವರದ್ದೇ ಎರಡು ಪೂರ್ತಿ ಅಡ್ಡಪಟ್ಟಿ ಇದೆ. ನಾಲ್ಕನೇ ಕ್ಲಾಸಿನವರೆಗಷ್ಟೇ ಓದಿದ್ದ ಮನುಷ್ಯ 500ಕ್ಕೂ ಹೆಚ್ಚು ಕಾದಂಬರಿ ಬರೆದ್ರು, ಅವರ ಪತ್ತೇದಾರ ಪುರುಷೋತ್ತಮನ ಹೆಸರು ಹೇಳಿದ್ರೆ ನಮ್ಮ ತಾತನ ವಯಸ್ಸಿನವರ ಮುಖ ಈಗಲೂ ಅರಳುತ್ತೆ. ಕನ್ನಡ ಓದೋದನ್ನ ಎಷ್ಟೋ ಮನೆಗೆ ತಂದಿದ್ದು ಇಂಥ ಪುಸ್ತಕಗಳು, ಆದ್ರೆ ದೊಡ್ಡ ಲೈಬ್ರರಿಗಳಲ್ಲಿ ಹುಡುಕಿ ನೋಡಿ, ಬೆರಳೆಣಿಕೆಯಷ್ಟು ಸಿಕ್ಕಿದ್ರೆ ಹೆಚ್ಚು. ನನಗೆ ಇದು ನಿಜವಾಗ್ಲೂ ನೋವಾಗುತ್ತೆ. ಬಸ್ ಸ್ಟ್ಯಾಂಡಲ್ಲಿ ಕೊಂಡು, ಓದಿ, ಕೈಯಿಂದ ಕೈಗೆ ದಾಟಿ, ಕೊನೆಗೆ ಕಡ್ಲೆಕಾಯಿ ಪೊಟ್ಟಣ ಆಗಿಹೋದ ಪುಸ್ತಕಗಳು ಇವು, ಉಳಿದಿರೋದೇ ಹೆಚ್ಚು. ಅದರ ಪಕ್ಕದಲ್ಲೇ ಮ. ರಾಮಮೂರ್ತಿ ಅವರದ್ದು ಹನ್ನೊಂದು ಪುಸ್ತಕ ಎಣಿಸಿದೆ. ನವೆಂಬರ್ ಒಂದಕ್ಕೆ ನಾವು ಹಾರಿಸೋ ಹಳದಿ ಕೆಂಪು ಬಾವುಟ ರೂಪಿಸಿದವರು ಇವರೇ, ಇವರು ಪತ್ತೇದಾರಿ ಕಾದಂಬರಿಗಳನ್ನೂ ಬರೀತಿದ್ರು ಅನ್ನೋದು ಇವತ್ತಿನ ಹುಡುಗರಲ್ಲಿ ಎಷ್ಟು ಜನಕ್ಕೆ ಗೊತ್ತು? ಟಿ.ಕೆ. ರಾಮರಾವ್ ಕೂಡ ಇದಾರೆ, ಬಂಗಾರದ ಮನುಷ್ಯ ಸಿನಿಮಾದ ಮೂಲ ಕಾದಂಬರಿ ಇವರದ್ದು ಅಂತ ಎಲ್ಲರಿಗೂ ಗೊತ್ತು, ಆದ್ರೆ ನನ್ನಂಥೋರಿಗೆ ಅವರು ಮೊದಲು ರೋಚಕ ಕಾದಂಬರಿಗಳ ರಾಮರಾವ್.

ಇಂಗ್ಲಿಷ್ ಕಡೆ ಜೇಮ್ಸ್ ಹ್ಯಾಡ್ಲಿ ಚೇಸ್ ರಾಶಿ ರಾಶಿ. ಒಂದು ಕಾಲದಲ್ಲಿ ಚೇಸ್ ಇಲ್ಲದ ರೈಲ್ವೆ ಸ್ಟೇಷನ್ ಬುಕ್ ಸ್ಟಾಲ್ ಇರಲಿಲ್ಲ. ಅವರ ಅಸಲಿ ಹೆಸರು ರೆನೆ ರೇಮಂಡ್, ಇಂಗ್ಲೆಂಡಿನವರು, ಅಮೆರಿಕದ ಮ್ಯಾಪು ಮತ್ತೆ ಅಲ್ಲಿನ ಸ್ಲ್ಯಾಂಗ್ ಡಿಕ್ಷನರಿ ಮುಂದಿಟ್ಕೊಂಡು ಅಮೆರಿಕದ ಕಥೆ ಬರೀತಿದ್ರು. ಅಗಾಥಾ ಕ್ರಿಸ್ಟಿ ಬರೆದಿರೋ 66 ಪತ್ತೇದಾರಿ ಕಾದಂಬರಿಲಿ ಇಲ್ಲಿ 40ರ ಹತ್ರ ಸಿಗುತ್ತೆ. ನಾನು ಫಾರ್ಮಸಿಸ್ಟು, ಮೆಡಿಕಲ್ ಶಾಪಲ್ಲಿ ಇಪ್ಪತ್ತು ವರ್ಷದಿಂದ ನಿಂತಿದೀನಿ, ಅದಕ್ಕೆ ಕ್ರಿಸ್ಟಿ ಅಂದ್ರೆ ನನಗೆ ಬೇರೆನೇ ಗೌರವ. ಮೊದಲನೇ ಮಹಾಯುದ್ಧದಲ್ಲಿ ಅವರು ಆಸ್ಪತ್ರೆ ಡಿಸ್ಪೆನ್ಸರಿಲಿ ಕೆಲಸ ಮಾಡಿದ್ರು, ಔಷಧಿ ವಿಷ ಎಲ್ಲಾ ಕೈಯಾರೆ ತೂಗಿ ಅಳೆದು ಗೊತ್ತಿತ್ತು, 1920ರಲ್ಲಿ ಬಂದ ಮೊದಲ ಪುಸ್ತಕದಲ್ಲಿ ಕಥೆಲಿ ಬರೋ ವಿಷ ಹೆಂಗೆ ಕೆಲಸ ಮಾಡುತ್ತೆ ಅನ್ನೋದನ್ನ ಎಷ್ಟು ಸರಿಯಾಗಿ ಬರೆದಿದಾರೆ ಅಂದ್ರೆ ಫಾರ್ಮಸಿಯವರ ಪತ್ರಿಕೆಲೇ ಆ ಪುಸ್ತಕಕ್ಕೆ ವಿಮರ್ಶೆ ಬಂತು. ಹೆಂಗೆ ಅಂತ ಇಲ್ಲಿ ಬಿಡಿಸಿ ಹೇಳಲ್ಲ, ಓದದೇ ಇರೋರಿಗೆ ಕೆಡುತ್ತೆ.

ಇನ್ನು ಈ ಅಂಗಡಿನ ನಾನು ಇಷ್ಟು ಹೊಗಳೋಕೆ ನಿಜವಾದ ಕಾರಣ. ಎರಡು ವರ್ಷದ ಹಿಂದೆ ಆನ್‌ಲೈನಲ್ಲಿ ಒಬ್ಬ ಸೆಲ್ಲರ್ ಹತ್ರ ಹಳೇ ಪಾಕೆಟ್ ಕಾದಂಬರಿ 350 ಕೊಟ್ಟು ತರಿಸಿದ್ದೆ, ‘ಗುಡ್ ಕಂಡೀಷನ್’ ಅಂತ ಹಾಕಿದ್ದ. ಮಳೆ ಬರ್ತಿದ್ದ ಭಾನುವಾರ ಪೂರ್ತಿ ಕೂತು ಓದಿದೆ, ಪತ್ತೇದಾರ ಎಲ್ಲರನ್ನೂ ಹಾಲಲ್ಲಿ ಕೂರಿಸಿ ‘ಕೊಲೆಗಾರ ಈ ಕೋಣೆಯಲ್ಲೇ ಇದ್ದಾನೆ’ ಅಂದ, ಪುಟ ತಿರುವಿದ್ರೆ ಹಿಂದಿನ ರಟ್ಟು. ಕೊನೆ ಹದಿನಾರು ಪುಟ ಇಲ್ಲ. ಮೆಸೇಜ್ ಮಾಡಿದ್ರೆ ಹಳೇ ಪುಸ್ತಕ ಅಲ್ವಾ ಮೇಡಂ ಅಂದ. ಬೇರೆ ಯಾವ ಪುಸ್ತಕದಲ್ಲಾದ್ರೂ ಹದಿನಾರು ಪುಟ ಹೋದ್ರೆ ಹದಿನಾರು ಪುಟ ಹೋಯ್ತು ಅಷ್ಟೇ, ಪತ್ತೇದಾರಿಲಿ ಕೊನೆ ಹದಿನಾರು ಹೋದ್ರೆ ಪುಸ್ತಕನೇ ಹೋಯ್ತು.

ಈ ಅಂಗಡಿ ಯಜಮಾನರಿಗೆ ಇದು ಗೊತ್ತು. ಎಪ್ಪತ್ತರ ಹತ್ರ ವಯಸ್ಸು, ಮೊದಲು ಬೈಂಡಿಂಗ್ ಕೆಲಸ ಮಾಡ್ತಿದ್ದವರು. ನೀವು ಯಾವುದೇ ಪುಸ್ತಕ ತಗೊಂಡು ಹೋಗಿ ಮುಂದೆ ಇಟ್ರೆ ದುಡ್ಡು ತಗೊಳಲ್ಲ, ಮೊದಲು ಪುಸ್ತಕನ ತಲೆಕೆಳಗೆ ತಿರುಗಿಸಿ ಹಿಂದಿಂದ ಎಣಿಸ್ತಾರೆ. ಒಂದು ಫಾರಂ ಅಂದ್ರೆ ಒಂದೇ ದೊಡ್ಡ ಹಾಳೆ ಮಡಚಿ ಮಾಡಿದ 16 ಪುಟದ ಕಟ್ಟು, ಹಳೇ ಪಾಕೆಟ್ ಪುಸ್ತಕಗಳಿಗೆ ಪಕ್ಕದಲ್ಲಿ ಎರಡು ಪಿನ್ ಹೊಡೆದು ಮೇಲೆ ಗೋಂದಲ್ಲಿ ರಟ್ಟು ಅಂಟಿಸಿರ್ತಾರೆ, ಪಿನ್ನು ತುಕ್ಕು ಹಿಡಿದ್ರೆ ಅದರ ಸುತ್ತ ಪೇಪರ್ ಕಂದು ಬಣ್ಣಕ್ಕೆ ತಿರುಗಿ ತೂತಾಗುತ್ತೆ, ಆಗ ಮೊದಲು ಕಳಚಿಕೊಳ್ಳೋದು ಮುಂದಿನ ಫಾರಂ ಇಲ್ಲಾ ಹಿಂದಿನ ಫಾರಂ. ಮುಂದಿಂದು ಹೋದ್ರೆ ಹೆಂಗೋ ಕಥೆ ಹಿಡೀಬಹುದು, ಹಿಂದಿಂದು ಹೋಗಿದ್ರೆ ಇವರು ಆ ಪುಸ್ತಕ ಮಾರೋದೇ ಇಲ್ಲ. ಏಣಿ ಕೆಳಗೆ ಒಂದು ರಟ್ಟಿನ ಡಬ್ಬ ಇದೆ, ಅದರಲ್ಲಿ ಕೊನೆ ಇಲ್ಲದ ಪುಸ್ತಕಗಳು ಮತ್ತೆ ಬರೀ ಕೊನೆ ಫಾರಂಗಳು. ಯಾವಾಗಾದ್ರೂ ಜೋಡಿ ಸಿಕ್ಕಿದ್ರೆ ಸೇರಿಸಿ ಹೊಲೀತಾರೆ. ನಾನು ಕೂತಿದ್ದಾಗಲೇ ಒಂದು ಜೋಡಿ ಸೇರಿತು. ಸೆಲ್ಲೋ ಟೇಪ್ ಮುಟ್ಟಲ್ಲ ಇವರು, ಅದು ಹತ್ತು ವರ್ಷಕ್ಕೆ ಪೇಪರನ್ನೇ ತಿನ್ನುತ್ತೆ ಅಂತಾರೆ. ಮೈದಾ ಅಂಟಿಗೆ ಹುಳ ಬೀಳದ ಹಾಗೆ ಚಿಟಿಕೆ ಮೈಲುತುತ್ತ ಹಾಕಿ ಕಾಯಿಸಿ, ತೆಳ್ಳಗಿನ ಟಿಶ್ಯೂ ಪೇಪರ್ ಪಟ್ಟಿ ಬೆನ್ನಿಗೆ ಇಟ್ಟು, ತೋರುಬೆರಳ ಹಿಂಬದಿಯಿಂದ ಸವರ್ತಾರೆ. ಒಣಗೋ ತನಕ ಮೇಲೆ ಒಂದು ಇಂಜಿನಿಯರಿಂಗ್ ಡ್ರಾಯಿಂಗ್ ಪುಸ್ತಕದ ಭಾರ.

ಇನ್ನೊಂದು ವಿಷ್ಯ. ಬಾಡಿಗೆ ಲೈಬ್ರರಿ ಪುಸ್ತಕಗಳಲ್ಲಿ ಕೆಲವರು ಹನ್ನೆರಡನೇ ಪುಟದಲ್ಲೇ ಪೆನ್ನಲ್ಲಿ ಕೊಲೆಗಾರನ ಹೆಸರು ಬರೆದಿರ್ತಾರೆ, ಈ ಪಿಡುಗು ಗೊತ್ತಿರೋರಿಗೆ ಗೊತ್ತು. ಇವರು ಅಂಥ ಕಡೆ ಸಣ್ಣ ಕಾಗದದ ಚೂರು ಅಂಟಿಸಿ ಮುಚ್ಚಿಟ್ಟಿದಾರೆ. ಇಷ್ಟು ಕಾಳಜಿ ನಾನು ಯಾವ ದೊಡ್ಡ ಶೋರೂಮಲ್ಲೂ ನೋಡಿಲ್ಲ.

ಬೆಲೆ: ಕನ್ನಡ ಪಾಕೆಟ್ ಕಾದಂಬರಿ 60ರಿಂದ 150, ಅಪರೂಪದ್ದು 300ರವರೆಗೆ. ಚೇಸ್ 70, 80. ಚೌಕಾಸಿ ಮಾಡ್ಬೇಡಿ, ರಿಪೇರಿ ಕೆಲಸ ನೋಡಿದ್ಮೇಲೆ ನಿಮಗೇ ಮನಸ್ಸು ಬರಲ್ಲ. ಯುಪಿಐ ಇದೆ. ತೊಂದರೆ ಅಂದ್ರೆ ಧೂಳು ಜಾಸ್ತಿ, ಅಸ್ತಮಾ ಇರೋರು ಮಾಸ್ಕ್ ಹಾಕ್ಕೊಳ್ಳಿ, ಮೇಲಿನ ಅಡ್ಡಪಟ್ಟಿಗೆ ಬೆಳಕು ಸಾಲಲ್ಲ, ಲೇಖಕರ ಪ್ರಕಾರ ಜೋಡಿಸಿರೋದು ಅರ್ಧ ಗೋಡೆ ಮಾತ್ರ. ಹೊಸ ಕನ್ನಡ ಥ್ರಿಲ್ಲರ್‌ಗಳು ಒಂದೂ ಇಲ್ಲ, ತೇಜಸ್ವಿಯವರ ಜುಗಾರಿ ಕ್ರಾಸ್ ಒಂದೇ ಸ್ವಲ್ಪ ಈಚಿನದು, ಅದೂ ಬಂದ ದಿನವೇ ಹೋಗಿಬಿಡುತ್ತಂತೆ. ಭಾನುವಾರ ಬೆಳಗ್ಗೆ ಹೋಗೋದು ಒಳ್ಳೇದು, ಹೋಲ್‌ಸೇಲ್ ಅಂಗಡಿಗಳ ಶಟರ್ ಮುಚ್ಚಿರುತ್ತೆ, ಫುಟ್‌ಪಾತ್ ತುಂಬಾ ಪುಸ್ತಕದೋರು ಕೂತಿರ್ತಾರೆ, ಉಳಿದ ದಿನ ಆ ರೋಡಲ್ಲಿ ಗೋಣಿಚೀಲ ಹೊತ್ತೋರ ಮಧ್ಯೆ ನಿಲ್ಲೋಕೂ ಜಾಗ ಇರಲ್ಲ.

ನಾನೀಗ ಅಲ್ಲಿಗೆ ಹೋಗ್ತಾ ಇರೋದು ಒಂದೇ ಪುಸ್ತಕಕ್ಕೋಸ್ಕರ. ತಾತನಿಗೆ ನಾನು ಕೊನೇಲಿ ಓದ್ತಾ ಇದ್ದಿದ್ದು, ಅವರನ್ನ ಆಸ್ಪತ್ರೆಗೆ ಸೇರಿಸಿದ್ರು, ಅರ್ಧಕ್ಕೆ ನಿಂತುಹೋಯ್ತು, ಲೈಬ್ರರಿಯವರು ವಾಪಸ್ ಇಸ್ಕೊಂಡ್ರು. ಹೆಸರು ನೆನಪಿಲ್ಲ, ರಟ್ಟು ಹರಿದಿತ್ತು. ಯಜಮಾನರಿಗೆ ಹೇಳಿದೆ. ಅವರು ಕನ್ನಡಕ ಸರಿ ಮಾಡ್ಕೊಂಡು ಥೇಟ್ ವಿಚಾರಣೆ ಥರ ಶುರು ಮಾಡಿದ್ರು, ರೈಲು ಬರುತ್ತಾ? ಹೆಣ ಸಿಗೋದು ನೀರಲ್ಲಾ ಮನೇಲಾ? ಪತ್ತೇದಾರನಿಗೆ ಜೊತೆಗಾರ ಇದಾನಾ? ನನಗೆ ನೆನಪಿದ್ದಿದ್ದು ಎರಡೇ, ಚಿಕ್ಕಮಗಳೂರು ಕಡೆ ಒಂದು ಎಸ್ಟೇಟ್ ಬಂಗಲೆ, ಸತ್ತವನ ವಾಚು ಎಡಗೈ ಬದಲು ಬಲಗೈಲಿ ಇತ್ತು. ತಾತ ಅಲ್ಲೇ ಕೈ ಎತ್ತಿದ್ರು, ಹೆಸರು ಹೇಳಿದ್ರು, ಅಡುಗೆಯವಳು ಅಂತ. ಯಜಮಾನರು ಇದೆಲ್ಲ ಒಂದು ಉದ್ದ ಲೆಕ್ಕದ ಪುಸ್ತಕದಲ್ಲಿ ನನ್ನ ಫೋನ್ ನಂಬರ್ ಪಕ್ಕ ಬರ್ಕೊಂಡ್ರು. ಇಲ್ಲಿವರೆಗೆ ಮೂರು ಸಲ ಫೋನ್ ಮಾಡಿದಾರೆ, ಮೂರು ಎಸ್ಟೇಟ್ ಬಂಗಲೆ ಕಾದಂಬರಿ ತೆಗೆದಿಟ್ಟಿದ್ರು, ಮೂರರಲ್ಲೂ ವಾಚಿನ ವಿಷ್ಯ ಇಲ್ಲ. ಮೊನ್ನೆ ಹೇಳಿದ್ರು, ಶಿವಮೊಗ್ಗದಲ್ಲಿ ಮುಚ್ಚಿದ ಒಂದು ಲೈಬ್ರರಿಯಿಂದ ಎರಡು ಮೂಟೆ ಬರ್ತಾ ಇದೆ, ಬುಧವಾರ ಬಿಚ್ತೀನಿ, ಬಂದ್ರೆ ಜೊತೇಲಿ ನೋಡೋಣ ಅಂತ. ಶಾಪಿಗೆ ಅರ್ಧ ದಿನ ರಜೆ ಹಾಕಿದೀನಿ.