ಹೆಚ್ಚು ಇಳುವರಿಯ ತಳಿಯೋ, ತಾಳಿಕೊಳ್ಳುವ ತಳಿಯೋ?

ನೀರು, ಗೊಬ್ಬರ ಧಾರಾಳವಾಗಿರುವ ಹೊಲದಲ್ಲಿ ಮೊದಲ ತಳಿ ಎಕರೆಗೆ 24 ಕ್ವಿಂಟಲ್, ಎರಡನೆಯದು 17 ಕೊಟ್ಟಿತು ಎಂದುಕೊಳ್ಳಿ. ಅದೇ ಬೀಜ ಒಣ ನೆಲಕ್ಕೆ ಬಿದ್ದಾಗ ಮೊದಲನೆಯದು 6ಕ್ಕೆ ಕುಸಿಯಿತು, ಎರಡನೆಯದು 11ರಲ್ಲಿ ನಿಂತಿತು. ಸ್ಥಾನ ಅದಲುಬದಲಾಯಿತು. ವಂಶವಾಹಿ ಮತ್ತು ಪರಿಸರದ ಅಂತರಕ್ರಿಯೆ ಎಂದರೆ ಇದೇ. ಸರಾಸರಿ ತೆಗೆದರೆ 15 ಮತ್ತು 14, ಹೆಚ್ಚುಕಡಿಮೆ ಒಂದೇ! ಸರಾಸರಿಯೊಂದನ್ನೇ ನಂಬಿ ದಯವಿಟ್ಟು ಬೀಜ ಆರಿಸಬೇಡಿ.

1963ರಲ್ಲಿ ಫಿನ್ಲೆ ಮತ್ತು ವಿಲ್ಕಿನ್ಸನ್ ಎಂಬ ವಿಜ್ಞಾನಿಗಳು ಬಾರ್ಲಿ ತಳಿಗಳನ್ನು ಅಳೆದದ್ದು ಈ ದೃಷ್ಟಿಯಿಂದಲೇ: ಪರಿಸರ ಸುಧಾರಿಸಿದಂತೆ ಇಳುವರಿ ಎಷ್ಟು ವೇಗವಾಗಿ ಏರುತ್ತದೆ? ಪ್ರತಿ ಪರಿಸರದಲ್ಲಿ ಎಲ್ಲ ತಳಿಗಳ ಸರಾಸರಿ ಇಳುವರಿಯ ಎದುರು ಒಂದು ತಳಿಯ ಇಳುವರಿಯನ್ನು ಗುರುತಿಸಿ ಗೆರೆ ಎಳೆದಾಗ, ಆ ಗೆರೆಯ ಏರು 1ಕ್ಕಿಂತ ಹೆಚ್ಚಿದ್ದರೆ ತಳಿ ಆರೈಕೆಗೆ ಚೆನ್ನಾಗಿ ಸ್ಪಂದಿಸುತ್ತದೆ. ಕಡಿಮೆಯಿದ್ದರೆ ಪರಿಸರ ಬದಲಾದರೂ ಅಷ್ಟಾಗಿ ಅಲುಗುವುದಿಲ್ಲ. ನೀರಾವರಿ ಖಚಿತವಿದ್ದವರಿಗೆ ಮೊದಲನೆಯದು ಸರಿ. ಮಳೆಯನ್ನೇ ನಂಬಿದವರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ, ಕೆಟ್ಟ ವರ್ಷದ ಆ 5 ಕ್ವಿಂಟಲ್ ಮನೆ ಉಳಿಸುತ್ತದೆ.

ದನಗಳಲ್ಲೂ ಹೀಗೇ. ತಂಪು ಹವೆಯಲ್ಲಿನ ಹಾಲು, ಸೆಕೆಯಲ್ಲಿನ ಹಾಲು ಇವನ್ನು ಎರಡು ಬೇರೆ ಗುಣಗಳೆಂದೇ ಎಣಿಸಬಹುದು ಎಂಬ ದಾರಿಯನ್ನು 1952ರಲ್ಲಿ ತಳಿವಿಜ್ಞಾನಿ ಫಾಲ್ಕನರ್ ತೋರಿಸಿದರು. ಹೋರಿ ಆರಿಸುವಾಗ ಅದರ ಹೆಣ್ಣುಕರುಗಳು ಮುಂದೆ ಯಾವ ಹವೆಯಲ್ಲಿ ಹಾಲು ಕೊಟ್ಟವು ಎಂದು ಮೊದಲು ಕೇಳಿ.